ಕತ್ತು ಬಾಗಿದ ಹೂಗಳು

ಭಾನುವಾರ, ಮಧ್ಯಾಹ್ನ
ಮಾರ್ಚ್ 9

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳು ಬಂದು ಮೇಜಿನ ಮೇಲೆ ಕೂತಿವೆ. ಉತ್ತರ ಬರೆಯದಿದ್ದಕ್ಕೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಹರಿದುಹಾಕುತ್ತಿದ್ದೆ. ಸಮಾಜವನ್ನೇ ಬದಲಿಸುತ್ತೇನೆಂದು ಕರಪತ್ರ ಬರೆಯುವವಳಿಗೆ ಅಕ್ಕನಿಗೆ ನಾಲ್ಕು ಸಾಲು ಬರೆಯಲಾಗಲಿಲ್ಲವೇ ಎಂದು ನಗಬೇಡ.

ಅಮ್ಮನ ಕೆಲಸ ಹೋಯಿತು. ಇವತ್ತಿಗೆ ಇಪ್ಪತ್ತೆರಡು ದಿನ. ಹೂ ಪ್ಯಾಕ್ ಮಾಡುವ ಶೆಡ್ಡಿನ ಗೇಟಿನಲ್ಲಿ ಸೂಪರ್‌ವೈಸರ್ ಅವಳ ಚೀಲ ತಡಕಿ, ಹನ್ನೊಂದು ಗುಲಾಬಿ ಹೊರಗೆಳೆದು, ಕಳ್ಳತನ ಅಂದ. ಕತ್ತು ಬಾಗಿದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಅದು ಕಸದ ಡಬ್ಬಿಗೆ ಹೋಗುವಂಥದ್ದು. ಅಮ್ಮ ಪ್ರತಿ ಶನಿವಾರ ಅವನ್ನೇ ತಂದು, ನೀನು ಮೊದಲ ಸಂಬಳದಲ್ಲಿ ಕೊಡಿಸಿದ ಹೂದಾನಿಯಲ್ಲಿ ಇಡುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಹತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ.

ಸೂಪರ್‌ವೈಸರ್‌ಗೆ ಹೇಳಿಕೊಟ್ಟವಳು ಕನ್ನಡಕದತ್ತೆಯೇ ಎಂದು ಅಮ್ಮ ತೀರ್ಮಾನಿಸಿಬಿಟ್ಟಿದ್ದಾಳೆ. ಅಷ್ಟೂ ವರ್ಷ ಅದೇ ಏಳನೇ ಮೇಜಿನ ಆಚೆ ಈಚೆ ನಿಂತು ಹೂ ವಿಂಗಡಿಸಿದ ಗೆಳತಿಯರು. "ನನ್ನ ಚೀಲದಲ್ಲಿ ಏನಿರುತ್ತೆ ಅಂತ ಅಲ್ಲಿ ಅವಳೊಬ್ಬಳಿಗೇ ಗೊತ್ತಿದ್ದದ್ದು," ಅನ್ನುತ್ತಾಳೆ. ಊಟಕ್ಕೂ ಏಳುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ತಟ್ಟೆ ಇಡುವುದು, ತೆಗೆಯುವುದು, ಇದರಲ್ಲೇ ನನ್ನ ದಿನ ಮುಗಿಯುತ್ತದೆ. ಹೂದಾನಿ ಖಾಲಿ.

ನೋಡಲಾಗದೆ ಇವತ್ತು ಬೆಳಿಗ್ಗೆ ಅಂಗಡಿಯಿಂದ ಹೂ ಕೊಂಡುತಂದೆ. ಹೌದು, ಹೂದಾನಿ ನೀರನ್ನಲ್ಲ, ದುಡಿಯುವವರ ಬೆವರನ್ನು ಕುಡಿಯುತ್ತದೆ ಎಂದು ಕರಪತ್ರದಲ್ಲಿ ಬರೆದ ನಾನೇ. ಎಲ್ಲ ಕಡ್ಡಿಗಳನ್ನೂ ಒಂದೇ ಅಳತೆಗೆ ಕತ್ತರಿಸಿ, ನೀರು ತುಂಬಿ ನಿಲ್ಲಿಸಿದೆ. ಅಮ್ಮ ಮಗ್ಗುಲು ಬದಲಿಸಿ ನೋಡಿದಳು.

"ಇದೇನೇ, ಪೊರಕೆ ಕಟ್ಟಿದ್ದೀಯಾ?"

"ಎಲ್ಲ ಸಮ ಇರ್ಲಿ ಅಂತ..."

"ನಿನ್ನ ಸಮಾನತೆ ಅಂದ್ರೆ ಎಲ್ರ ಕಾಲು ಕತ್ತರಿಸೋದಾ? ತಾ ಇಲ್ಲಿ ಕತ್ತರಿ."

ಎದ್ದು ಕೂತಳು, ಅಕ್ಕ, ಮೂರು ವಾರದಲ್ಲಿ ಮೊದಲ ಸಲ! ನೀರಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತಳು. ಕೆಲವು ಕಡ್ಡಿಗಳನ್ನು ಓರೆಯಾಗಿ ಇನ್ನಷ್ಟು ಗಿಡ್ಡ ಮಾಡಿ ಮುಂದಕ್ಕಿಟ್ಟಳು. ನಾನು ತರುವಾಗ ಜಜ್ಜಿ ಒಂದರ ಕತ್ತು ಬಾಗಿತ್ತು. ಅದನ್ನು ಎಸೆಯಲಿಲ್ಲ, ಹೂದಾನಿಯ ಅಂಚಿಗೆ ಒರಗಿಸಿದಳು. "ನೆಟ್ಟಗಿರೋದು ಛಾವಣಿ ನೋಡುತ್ತೆ. ಬಾಗಿದ್ದು ನಮ್ಮನ್ನ ನೋಡುತ್ತೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕನ್ನಡಕದತ್ತೆ. ಅಮ್ಮ ಕತ್ತರಿ ಕೆಳಗಿಟ್ಟು, "ನಾನಿಲ್ಲ ಅಂತ ಹೇಳು," ಎಂದು ಮತ್ತೆ ಗೋಡೆಗೆ ತಿರುಗಿದಳು. ಹಾಗೇ ಹೇಳಿದೆ. "ಇಲ್ಲ ಅಂತ ಅವಳೇ ಹೇಳಿಕಳಿಸಿದ್ಲಾ?" ಎಂದು ಅತ್ತೆ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನೂರು ವರ್ಷ ಸುಖವಾಗಿ ಬಾಳಲಿ, ಚಿಕ್ಕಮ್ಮನಷ್ಟು ಬಾಯಿ ಮಾತ್ರ ಬಾರದಿರಲಿ. ರಜೆ ಸಿಕ್ಕರೆ ಬಾ ಅಕ್ಕ.

ನಿನ್ನ ತಂಗಿ,
ಪಟಾಕಿ (ಸದ್ಯಕ್ಕೆ ನೆನೆದಿದೆ)

ತಾ. ಕ.: ಬಾಗಿಲಲ್ಲಿ ಅತ್ತೆ ಇನ್ನೊಂದು ಮಾತು ಹೇಳಿದರು. ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ಹೇಳಿಕೊಟ್ಟದ್ದು ಅತ್ತೆಯಲ್ಲ, ನಾನು. ಶೆಡ್ಡಿನಲ್ಲಿ ಎಷ್ಟು ಹೂ ಹಾಳಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು. 'ಏಳನೇ ಮೇಜಿನ ಕೆಲಸಗಾರ್ತಿಯೊಬ್ಬಳು ಕಸದಿಂದ ವಾರವಾರ ಒಂದು ಚೀಲ ಹೂ ಮನೆಗೊಯ್ಯುತ್ತಾಳೆ' ಎಂದು ಕರಪತ್ರದಲ್ಲಿ ಬರೆದೆ. ಗೇಟಿನಲ್ಲಿ ನಿಂತು ನಾನೇ ಹಂಚಿದೆ. ಸೂಪರ್‌ವೈಸರ್ ಕೈಗೂ ಒಂದು ಕೊಟ್ಟೆ. ಅಮ್ಮನಿಗೆ ಓದು ಬಾರದು. ಮಗಳು ಬರೆದದ್ದೆಂದು ಅದನ್ನು ಮಡಿಸಿ ಹೂದಾನಿಯ ಕೆಳಗೆ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಅತ್ತೆ ಅದನ್ನು ಓದಿದ್ದಾರೆ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೀನಿ ಕಣೇ. ನಾನಂತೂ ಹೇಳಲ್ಲ. ಗೆಳತಿ ಹೋದ್ರೆ ನಿಮ್ಮಮ್ಮ ತಡ್ಕೋತಾಳೆ, ಮಗಳು ಹೋದ್ರೆ?" ಅಂದರು.

ಈ ಕಾಗದ ಅಂಚೆಗೆ ಹಾಕಿ ಬಂದು ಅಮ್ಮನಿಗೆ ಹೇಳುತ್ತೇನೆ. ನೀನು ಬರುವಾಗ ನೇರ ನಮ್ಮ ಮನೆಗೆ ಬರಬೇಡ. ಮೊದಲು ಅತ್ತೆಯ ಮನೆಗೆ ಹೋಗಿ, ಅವರನ್ನು ಕರೆದುಕೊಂಡು ಬಾ.