ಮಗ್ಗದ ಕೋಣೆಯ ಊಟ

ಮೇ 11, 2021. ಬೆಳಿಗ್ಗೆ

ಉಪ್ಪಿಟ್ಟು ಬಂತು. ಅವ್ವ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು, ಬಾಗಿಲು ತಟ್ಟಿ, ದೂರ ಸರಿದಳು. ಚಳ್ಳಕೆರೆಯ ಹಾಸ್ಟೆಲ್ ಮುಚ್ಚಿತು, ಮನೆಗೆ, ಮೊಳಕಾಲ್ಮುರಿಗೆ ಬಂದೆ, ಬಂದ ವಾರದಲ್ಲೇ ಕೊರೋನಾ ಪಾಸಿಟಿವ್. ಈಗ ಮಗ್ಗದ ಕೋಣೆಯೇ ನನ್ನ ಐಸೋಲೇಷನ್ ವಾರ್ಡು. ಅಪ್ಪ ಅರ್ಧ ನೇಯ್ದ ಸೀರೆಯ ಮೇಲೆ ಹಳೇ ಪಂಚೆ ಹೊದಿಸಿದ್ದಾರೆ.

ಉಪ್ಪಿಟ್ಟು ಕಿಟಕಿಯಿಂದ ಹಿತ್ತಲಿನ ಕೋಳಿಗಳಿಗೆ ಹೋಯಿತು.

"ಎಲ್ಲಾ ಉಂಡೀಯಲ್ಲೇ, ನನ್ ಬಂಗಾರ!" ಖಾಲಿ ತಟ್ಟೆ ನೋಡಿ ಅವ್ವನಿಗೆ ಎಷ್ಟು ಖುಷಿ.

ಮೇ 13

ಪಿಯುಸಿಯಿಂದಲೂ ಇದೆ ಇದು. ಊಟ ಕಂಡರೆ ಭಯ, ಉಂಡರೆ ಅಸಹ್ಯ. ಹಾಸ್ಟೆಲಿನಲ್ಲಿ ದೊಡ್ಡಉಳ್ಳಾರ್ತಿಯ ಸೂರಮ್ಮ, ನನ್ನ ರೂಮ್‌ಮೇಟ್, ಎದುರಿಗೇ ಕೂತು ಉಣ್ಣಿಸುತ್ತಿದ್ದಳು. ಡಾಕ್ಟರ್ ಹತ್ತಿರವೂ ಅವಳೇ ಕರೆದುಕೊಂಡು ಹೋಗಿದ್ದಳು. ವಾಸಿಯಾಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಇಲ್ಲಿ ಎದುರಿಗೆ ಯಾರೂ ಇಲ್ಲ. ಒಳಗಿನ ಆ ಕಾಯಿಲೆಗೆ ಹಬ್ಬ.

ಮೇ 17. ಮಧ್ಯಾಹ್ನ

ಮೈಸೋಪು ಎತ್ತಿಕೊಳ್ಳಲು ಬಗ್ಗಿದೆ, ಕಣ್ಣು ಕತ್ತಲೆ ಬಂತು. ಮಗ್ಗ ಹಿಡಿದುಕೊಂಡು ಕೂತೆ. ಜ್ವರ ಬಿಟ್ಟು ಮೂರು ದಿನ ಆಗಿದೆ. ಇದು ಕೊರೋನಾ ಅಲ್ಲ. ನನಗೆ ಗೊತ್ತು.

ಸೂರಮ್ಮನಿಗೆ ಫೋನ್ ಮಾಡಿದೆ. ಊರಾಚೆ ಕಾವಲಿನ ಹುಲ್ಲುಬಯಲಿನಲ್ಲಿ ಕುರಿ ಕಾಯುತ್ತಿದ್ದಳು, ಗಾಳಿಯ ಸದ್ದು.

"ಕೋಳಿಗೆ ಹಾಕ್ತಿದೀಯಾ? ನಾನು ಅಷ್ಟು ಒದ್ದಾಡಿದ್ದು ನಿಮ್ಮೂರ ಕೋಳಿ ಸಾಕಾಕಾ?"

ನಾನು ಅತ್ತುಬಿಟ್ಟೆ. ಅವಳೂ ಅತ್ತಳು. ಆಮೇಲೆ ಬೈದಳು. "ನಿಮ್ಮವ್ವಗೆ ಹೇಳು. ಇವತ್ತೇ. ಇಲ್ಲಾಂದ್ರೆ ನಾನೇ ಫೋನ್ ಮಾಡ್ತೀನಿ."

ಅದೇ ದಿನ, ಸಂಜೆ

ಹೇಳಿದೆ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು.

ಅವ್ವನಿಗೆ ದಿಗಿಲಾದರೆ ತೆಲುಗು ಬರುತ್ತದೆ. "ಏಮೈಂದೇ ನೀಕು? ಏನಾಯ್ತೇ ನಿಂಗೆ? ಉಣ್ಣಾಕೂ ಹೆದ್ರಿಕೆ ಅಂದ್ರೆ ಏನೇ? ನಾವೇನ್ ಕಮ್ಮಿ ಮಾಡೀವಿ?"

"ನೀನೇನೂ ಮಾಡಿಲ್ಲವ್ವಾ. ಕಾಯಿಲೆ. ಜ್ವರ ಇದ್ದಂಗೆ ಇದೂ ಒಂದು ಕಾಯಿಲೆ."

ಹೊಸ್ತಿಲಾಚೆ ಅವ್ವ ನೆಲಕ್ಕೆ ಕೂತ ಸದ್ದು.

"ಏನ್ ಮಾಡ್ಬೇಕು, ಹೇಳು."

"ನಾನು ಉಣ್ಣೋವಾಗ ಅಲ್ಲೇ ಕೂತ್ಕೋ. ಸಾಕು."

ಮೇ 18

ಬಾಗಿಲು ತೆರೆದಿದೆ. ಅಂಗಳದ ಆ ಕೊನೆಗೆ ಅವ್ವ, ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು, ತಾನೂ ತಟ್ಟೆ ಹಿಡಿದು. ಈ ಕೊನೆಗೆ ನಾನು. ಮುದ್ದೆ, ಸೊಪ್ಪಿನ ಸಾರು. ಪಕ್ಕದ ಮನೆಯವರು ಇಣುಕಿ, "ಏನ್ ಚಿತ್ತಮ್ಮ, ಸೋಂಕು ಇರೋರ ಮುಂದೆ ಕೂತೀಯಾ?" ಅಂದರು.

"ನಮ್ಮಂಗಳ. ನಮ್ ಮುದ್ದೆ. ನೀವ್ ಒಳಗೋಗ್ರಿ."

ಅರ್ಧ ಉಂಡೆ. ಗೆದ್ದೆ ಅನ್ನಿಸಲಿಲ್ಲ. ಮೈಯೆಲ್ಲ ಉರಿಯಿತು. ಆದರೂ ಉಂಡೆ.

ಮೇ 24

ವೀರಮ್ಮತ್ತೆ, ಅಪ್ಪನ ತಂಗಿ, ವಿಡಿಯೋ ಕಾಲ್. ಯಾವುದೋ ಗಂಡಿನ ಕಡೆಯವರನ್ನೂ ಸೇರಿಸಿಕೊಂಡಿದ್ದಾರೆ. ನನ್ನನ್ನು ಕೇಳಿದವರಿಲ್ಲ.

"ನೋಡ್ರಿ, ಲಾಕ್‌ಡೌನ್‌ನಾಗೆ ಎಲ್ರೂ ಊದ್ಕೊಂಡ್ರೆ ನಮ್ ಮೇಘಾ ಕಡ್ಡಿ ಆಗ್ಯಾಳೆ. ಹಿಂಗೇ ಇರಬೇಕವ್ವಾ!"

ಗಂಡಿನ ತಾಯಿ ನಕ್ಕರು. ಒಳಗೆ ಆ ಕಾಯಿಲೆಯೂ ನಕ್ಕಿತು. ಆ ಹೊಗಳಿಕೆಗೆ ನಾನು ಎಷ್ಟು ವರ್ಷ ಉಪವಾಸ ಬಿದ್ದಿಲ್ಲ...

"ಇದು ಚೆಂದ ಅಲ್ಲತ್ತೆ, ಕಾಯಿಲೆ," ಅಂದೆ. "ಊಟದ ಕಾಯಿಲೆ. ಔಷಧಿ ತಗೋತೀನಿ, ದಪ್ಪ ಆಗ್ತೀನಿ. ಮದುವೆ ಮಾತು ಬ್ಯಾಡ್ರಿ." ಕಟ್ ಮಾಡಿದೆ.

ಅಪ್ಪನ ಫೋನಿಗೆ ಅತ್ತೆಯ ಕರೆ. ಅಪ್ಪ ಜಾಸ್ತಿ ಮಾತಾಡುವವರಲ್ಲ. ಕೇಳಿಸಿಕೊಂಡು, "ವೀರಾ, ಹುಡುಗಿ ಬದುಕಿದ್ರೆ ಮದುವೆ," ಅಂದು ಇಟ್ಟರು.

ಜೂನ್ 20

ನೆಗೆಟಿವ್ ಆಗಿ ಎಷ್ಟೋ ದಿನವಾಯಿತು. ಡಾಕ್ಟರ್ ಜೊತೆ ಫೋನಿನಲ್ಲೇ ಮಾತು. ನಡುವೆ ಎರಡು ದಿನ ಸೋತೆ, ಒಂದು ತುತ್ತೂ ಇಳಿಯಲಿಲ್ಲ. ಮೂರನೇ ದಿನ ಮತ್ತೆ ತಟ್ಟೆ ಮುಂದೆ ಕೂತೆ. ಅರ್ಧಕ್ಕೆ ನಿಂತ ಸೀರೆ ಮುಗಿಸಲು ಅಪ್ಪ ಮತ್ತೆ ಮಗ್ಗದ ಗುಂಡಿಗೆ ಇಳಿದಿದ್ದಾರೆ.

ಜುಲೈ 4. ಮಧ್ಯಾಹ್ನ

ಅತ್ತೆ ಖುದ್ದಾಗಿ ಬಂದರು. ನಾವು ಊಟಕ್ಕೆ ಕೂತಿದ್ದೆವು.

"ಏನೇ, ಮೈ ತುಂಬ್ಕೊಂಡೀಯ!"

ಎದ್ದು ಓಡಬೇಕು ಅನ್ನಿಸಿತು. ಅವರ ಮುಖವನ್ನೇ ನೋಡುತ್ತ ಅವ್ವನ ಕಡೆ ತಟ್ಟೆ ಚಾಚಿದೆ.

"ಇನ್ನೊಂದೀಟು ಅನ್ನ ಹಾಕವ್ವಾ."

ಉಂಡೆ. ಈಗ ಒಳಗೆ ಆ ಕಾಯಿಲೆ ಕಿರುಚುತ್ತಿದೆ, ಬಚ್ಚಲಿಗೆ ಹೋಗಿ ಕಕ್ಕು ಅನ್ನುತ್ತಿದೆ. ಹೋಗುವುದಿಲ್ಲ. ಕಿರುಚಲಿ. ಇಲ್ಲೇ ಕೂತು ಬರೆಯುತ್ತೇನೆ, ಅದು ಸುಸ್ತಾಗುವವರೆಗೂ ಬರೆಯುತ್ತೇನೆ. ಅವ್ವ ಬಂದು ಪಕ್ಕದಲ್ಲಿ ಕೂತಳು. "ಏನೇ ಬರೀತೀಯ," ಅಂತ ಭುಜಕ್ಕೆ ಒರಗಿ ಇಣುಕುತ್ತಿದ್ದಾಳೆ. ಮುಚ್ಚಿಡುವುದಿಲ್ಲ, ನೋಡಲಿ.