ಬಾಗಿಲು ಹಾಕಿಕೊಂಡ ಭಾವನವರಿಗೆ

ಪೂರಿಗಾಲಿ,
ಸೋಮವಾರ

ಕೊಪ್ಪದ ಬೋರಲಿಂಗ ಭಾವನವರಿಗೆ, ಶಶಿಧರ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ.

ಮೊಬೈಲಿನ ಆ ಗುಂಡು ಹಾರಿಸುವ ಆಟಕ್ಕೆ ನಾನೂ ನಿಮ್ಮ ಮಗಳು ದೀಪಿಕಳೂ ನಿಮ್ಮನ್ನು ಸೇರಿಸಿಕೊಂಡು ಎರಡು ತಿಂಗಳಾಯಿತು. ನಮ್ಮ ಮನೆಯ ಅಳಿಯಂದಿರೆಂದು ಅಲ್ಲೂ ಮೊದಲು ನಿಮಗೇ ಬಡಿಸಿದೆವು: ಒಳ್ಳೆಯ ಗನ್ನು, ಗುಂಡು, ಔಷಧಿ ಪೆಟ್ಟಿಗೆ. ನೀವೋ ಎಲ್ಲವನ್ನೂ ಹೊತ್ತು ಯಾವುದೋ ಮನೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತೀರಿ. ಗನ್ನು ನಿಮ್ಮದು, ಗುಂಡು ಬಿದ್ದ ಬೆನ್ನು ನಮ್ಮದು!

ನಿನ್ನೆ ದೀಪಿಕ ಆ ಬಾಗಿಲ ಮುಂದೆಯೇ ಬಿದ್ದು, "ಅಪ್ಪಾ, ಬಂದು ಎತ್ತಪ್ಪಾ" ಎಂದು ಕೂಗಿದಳು. ಜೊತೆಯವರು ಬಂದು ಎತ್ತಿದರೆ ಬಿದ್ದವರು ಬದುಕುತ್ತಾರೆಂದು ನಿಮಗೂ ಗೊತ್ತು. "ಆಚೆ ಬಂದ್ರೆ ನನ್ ರ‍್ಯಾಂಕ್ ಓಯ್ತದೆ ಕಣವ್ವ" ಎಂದಿರಿ.

ಹೋದರೆ ಹೋಗಲಿ ಭಾವ! ಆ ಆಟದಲ್ಲಿ ಹತ್ತಕ್ಕೆ ಎಂಟು ಸಲ ಎಲ್ಲರೂ ಸಾಯುತ್ತಾರೆ. ಬಟನ್ ಒತ್ತಿದರೆ ಮತ್ತೆ ಶುರು.

ಡೇರಿ ಚುನಾವಣೆಯಲ್ಲಿ ನೀವು ಮೂರು ವೋಟಿಗೆ ಸೋತಾಗಿನಿಂದ ನೀವು ಮನೆಯಿಂದ ಆಚೆ ಬಂದಿಲ್ಲ; ಡೇರಿಗೆ ಹಾಲಿನ ಕ್ಯಾನು ಅಕ್ಕನೇ ಹೊರುತ್ತಿದ್ದಾಳೆ. ನೀವು ಅಲ್ಲಿಗೆ ಹೋದರೆ ಯಾರೂ ಏನೂ ಅನ್ನುವುದಿಲ್ಲ ಎಂದು ಸುಳ್ಳು ಹೇಳಲಾರೆ. ಒಂದು ವಾರ ಕಿಚಾಯಿಸುತ್ತಾರೆ, ಆಮೇಲೆ ಅವರಿಗೇ ಬೇಜಾರಾಗುತ್ತದೆ.

ಇವತ್ತು ಅಕ್ಕ ಫೋನ್ ಮಾಡಿ, "ಆಟದಲ್ಲೂ ಬಾಗ್ಲಾಕ್ಕಂಡು ಕೂತವ್ರಂತಲ್ಲ ಕಣ್ಲಾ ನಿಮ್ ಬಾವ" ಎಂದಳು. ಹೇಳುವಾಗ ಅವಳು ನಗಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಕೊಪ್ಪದಲ್ಲಿರುತ್ತೇನೆ. ಶರಟು ಹಾಕಿಕೊಂಡು ರೆಡಿಯಾಗಿರಿ. ಕ್ಯಾನು ನೀವೇ ಹಿಡಿಯಬೇಕು. ನೀವು ಬಿದ್ದರೆ ಎತ್ತುವುದಕ್ಕೆ ನಾನು ಪಕ್ಕದಲ್ಲೇ ಇರುತ್ತೇನೆ.

ಬೆನ್ನು ನೋಯುತ್ತಿರುವ ನಿಮ್ಮ ಬಾಮೈದ,
ಶಶಿಧರ