ಸೋಮವಾರದೊಳಗೆ ಮಟ್ಟ ಮಾಡಬೇಕಾದ ನನ್ನ ಗಾಡಿ

ಕಣ್ಣಿನಲ್ಲೇ ತೂಕ ಹಾಕುವ ಮಾನ್ಯ ಮೋಟಾರು ವಾಹನ ತಪಾಸಣಾಧಿಕಾರಿಗಳೇ,

ಮೊನ್ನೆ ವಾಡಿ ರಸ್ತೆಯಲ್ಲಿ ನನ್ನ ಪಿಕಪ್ ಗಾಡಿಯನ್ನು ತಡೆದು ತಾವು ಕೈಗಿತ್ತ ನೋಟಿಸು ಈಗ ನನ್ನ ಮುಂದೆಯೇ ಇದೆ. 'ವಾಹನದ ಹಿಂಭಾಗ ಕುಸಿದಿರುತ್ತದೆ. ಸಮತಟ್ಟುಗೊಳಿಸಿ ಬರುವ ಸೋಮವಾರ ಹಾಜರುಪಡಿಸತಕ್ಕದ್ದು.' ತಪ್ಪಿದರೆ ಗಾಡಿ ಜಪ್ತಿ. ಈ ಎರಡು ಸಾಲು ಓದಿದಾಗಿನಿಂದ ನನಗೆ ಹೆದರಿಕೆ ಹತ್ತಿದೆ. ಜಪ್ತಿಗೆ ಹೆದರಿ ಹೀಗಾಗಿದೆ ಎಂದು ತಾವು ಖುಷಿಪಡಬೇಡಿ. ಗಾಡಿಯನ್ನು ಮಟ್ಟ ಮಾಡುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಮಾಡಿಯೂ ನೋಡಿದ್ದೇನೆ. ನನ್ನ ಹೆದರಿಕೆಯೆಲ್ಲ ಅದರದೇ.

ನನ್ನ ಹೆಸರು ಸಿದ್ಧಲಿಂಗ, ಊರು ರಾವೂರ. ಬಿ.ಎ. ಪಾಸಾದವನು. ಆ ವಿದ್ಯೆ ನನಗೆ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಮುಂದೆ ತಾವೇ ನೋಡುವಿರಂತೆ. ಗಣಿಯಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿಕೊಂಡು ಶಹಾಬಾದಿನ ಪಾಲಿಶ್ ಕಾರ್ಖಾನೆಗಳಿಗೆ ಹಾಕುತ್ತೇನೆ. ಮನೆ ಕಟ್ಟಿಸುವವರು ಕೇಳಿದರೆ ಸೇಡಂ, ಚಿಂಚೋಳಿವರೆಗೂ ಹೋಗುವುದುಂಟು. ನನ್ನ ಹೆಂಡತಿ ಗುರುದೇವಿ ರೈಲ್ವೆ ಗೇಟಿನಾಚೆಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ದಿನಾ ಬೆಳಿಗ್ಗೆ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಅಲ್ಲಿಯವರೆಗೆ ಬರುತ್ತಾಳೆ.

ಮೂರು ವರ್ಷದ ಹಿಂದೆಯೂ ತಮ್ಮ ಇಲಾಖೆಯವರೊಬ್ಬರು ಇದೇ ರಸ್ತೆಯಲ್ಲಿ ನನ್ನನ್ನು ತಡೆದಿದ್ದರು. ಅಂದು ನನ್ನ ಹೊರೆ ಕಾನೂನಿನ ಒಳಗೇ ಇತ್ತು. ಹಿಂದಿನ ಚಕ್ರದ ಮೇಲಿನ ಉಕ್ಕಿನ ಪಟ್ಟಿಗಳು, ನಾವು ಪಾಟಾ ಎನ್ನುತ್ತೇವೆ, ಹಳೆಯದಾಗಿ ಸೋತಿದ್ದವು ಅಷ್ಟೆ.

"ಏ, ಗಾಡಿ ಹಿಂದ ಕುಂತದ ನೋಡು. ಓವರ್‌ಲೋಡ್."

"ಸಾಹೇಬ್ರ, ಕಾಟಾದಾಗ ತೂಕ ಮಾಡ್ಸೀನ್ರಿ. ಚೀಟಿ ಅದ, ನೋಡ್ರಿ."

"ಚೀಟಿ ಏನ್ ನೋಡ್ಲಿ? ಕಣ್ಣಿಗೆ ಕಾಣ್ಲಿಕತ್ತದಲ್ಲ!"

ಕಣ್ಣಿನ ಮುಂದೆ ತೂಕದ ಕಾಟಾ ಸೋತಿತು. ದಂಡ ಕಟ್ಟಿ ನೇರವಾಗಿ ವಾಡಿಯ ಸರ್ದಾರ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಅವರು ಎರಡು ಪಾಟಾ ಹೆಚ್ಚಿಗೆ ಹಾಕಿದರು. ಹಿಂಭಾಗ ಎದ್ದು ನಿಂತಿತು, ಆದರೆ ಗಾಡಿ ಖಾಲಿಯಿದ್ದಾಗ ಮೂತಿ ನೆಲಕ್ಕೆ ಬಾಗಿತು. ಅದೇ ತಿಂಗಳು ಫಿಟ್‌ನೆಸ್ ತಪಾಸಣೆಗೆ ಒಯ್ದರೆ, "ಮುಂದ ಬಾಗ್ಯಾದ, ಲೈಟ್ ನೆಲಕ್ಕ ಬೀಳ್ತದ, ಮಟ್ಟ ಮಾಡ್ಸ್ಕೊಂಡ್ ಬಾ" ಎಂದು ವಾಪಸ್ ಕಳಿಸಿದರು. ಹಿಂದೆ ಕುಂತರೆ ತಪ್ಪು, ಮುಂದೆ ಬಾಗಿದರೂ ತಪ್ಪು. ಮತ್ತೆ ಸರ್ದಾರ ಭಾಯಿಯ ಬಾಗಿಲಿಗೆ ಹೋದೆ.

ಅವರು ನನ್ನ ಮುಂದೆ ಎರಡು ವಸ್ತು ಇಟ್ಟರು. ಒಂದು ಹೈದರಾಬಾದಿನಿಂದ ಡಬ್ಬಿಯಲ್ಲಿ ಬಂದ ಲೆವೆಲಿಂಗ್ ಕಿಟ್. ಇನ್ನೊಂದು ಇಲ್ಲೇ ಲೇತಿನಲ್ಲಿ ಕೊರೆಸಿದ ಕಬ್ಬಿಣದ ಬಿಲ್ಲೆಗಳು. ಎರಡರ ಕೆಲಸವೂ ಒಂದೇ, ಮುಂದಿನ ಸ್ಪ್ರಿಂಗಿನ ಮೇಲೆ ಕೂತು ಮೂತಿಯನ್ನು ಎತ್ತುವುದು. ಯಾವುದು ಹೆಚ್ಚು ಎತ್ತರ ಕೊಡುತ್ತದೆ ಎಂದು ಕೇಳಿದೆ. ಸವೆದ ಟೈರುಗಳನ್ನೂ ಬದಲಿಸುವುದಿದೆ ಎಂದೆ.

"ಎತ್ತರ ಕೇಳಬ್ಯಾಡ್ರಿ ಸಿದ್ಧಣ್ಣ" ಎಂದರು ಸರ್ದಾರ ಭಾಯಿ. "ಬಿಲ್ಲಿ ಹಾಕಿದ್ರ ಗಾಡಿ ಎದ್ದು ನಿಂದರ್ತದ, ಖರೆ. ಆದ್ರ ತಾಕತ್ ಬರಂಗಿಲ್ಲ. ಟೈರ್ ತಗೊಳ್ಳಾಗಾರ ಮಗ್ಗಲಿಗೆ ಬರದದ್ದು ಓದ್ರಿ, ಎಷ್ಟ್ ವಜನ್ ಹೊರತದ ಅಂತ ಅದ್ರಾಗೇ ಇರ್ತದ. ನನಗಂತೂ ಓದ್ಲಿಕ್ಕ ಬರಲ್ಲ. ನೀವು ಕಾಲೇಜ್ ಕಲ್ತವ್ರು."

ಕಾಲೇಜು ಕಲಿತವನು ಓದಲಿಲ್ಲ. ಎತ್ತರ ಹೆಚ್ಚಿದ್ದ ಕಬ್ಬಿಣದ ಬಿಲ್ಲೆ ಆರಿಸಿದೆ. ಟೈರಿನ ವಿಷಯದಲ್ಲಿ ಅಗಲ ನೋಡಿದೆ, ಹಲ್ಲು ನೋಡಿದೆ, ಮಿರುಗು ನೋಡಿದೆ. ಗ್ಯಾರೇಜಿನಿಂದ ಹೊರಬಂದ ಗಾಡಿ ಮದುಮಗನ ಹಾಗೆ ನಿಂತಿತ್ತು. ಪಕ್ಕದಲ್ಲಿ ನಿಂತು ಫೋಟೋ ಬೇರೆ ತೆಗೆಸಿಕೊಂಡೆ, ನನ್ನ ಬುದ್ಧಿಗಿಷ್ಟು! ತಪಾಸಣೆಯಲ್ಲಿ ತಮ್ಮವರು ಬಾನೆಟ್ಟಿನ ಮೇಲೆ ಎರಡು ಬಾರಿ ಕೈ ತಟ್ಟಿ, "ಗಾಡಿ ಅಂದ್ರ ಹಿಂಗಿರಬೇಕು" ಎಂದು ಪಾಸು ಮಾಡಿದರು. ಒಬ್ಬರೂ ಮೊಣಕಾಲೂರಿ ಕೆಳಗೆ ಇಣುಕಲಿಲ್ಲ. ಪ್ಯಾಂಟಿಗೆ ಧೂಳಾಗುತ್ತದೆ, ನಿಜ.

ಆಮೇಲೆ ನಡೆದದ್ದನ್ನು ತಾವು ದಯವಿಟ್ಟು ನಿಧಾನವಾಗಿ ಓದಬೇಕು. ಗಣಿಯಲ್ಲಿ ಕಲ್ಲು ತುಂಬಿಸುವ ಮಲ್ಲು ಕೂಡ ತಮ್ಮ ಹಾಗೆಯೇ ಕಣ್ಣಿನಿಂದ ತೂಗುವವನು. ಮೊದಲೆಲ್ಲ ಎರಡು ಸಾಲು ಕಲ್ಲಿಗೆ ಗಾಡಿ ಕುಂತರೆ ಸಾಕು ಎಂದು ನಿಲ್ಲಿಸುತ್ತಿದ್ದ. ಈಗ ಗಾಡಿ ಕೂರುವುದೇ ಇಲ್ಲ. "ಇನ್ನಾ ಕುಂತಿಲ್ರಿ ಅಣ್ಣಾರ, ಇನ್ನೊಂದ್ ಸಾಲ್ ಹೊಡೀಲ್ಯಾ?" ಎನ್ನುತ್ತಿದ್ದ. ಹೊಡಿ ಎನ್ನುತ್ತಿದ್ದೆ. ಮೂರಾಯಿತು, ನಾಲ್ಕಾಯಿತು. ಎಷ್ಟು ಹೊತ್ತಿದ್ದೇನೆಂದು ಹೇಳಲು ಗಾಡಿಗೆ ಇದ್ದ ಒಂದೇ ಬಾಯಿಯನ್ನು ನಾನೇ ದುಡ್ಡು ಕೊಟ್ಟು ಮುಚ್ಚಿಸಿದ್ದೆ. ಸ್ಟೇರಿಂಗ್ ಮಾತ್ರ ಭಾಳ ಹಗುರಾಗಿತ್ತು, ಒಂದೇ ಬೆರಳಿಗೆ ತಿರುಗುತ್ತಿತ್ತು. ಹೊಸ ಟೈರಿನ ಪ್ರತಾಪವೆಂದು ಗುರುದೇವಿಗೆ ತೋರಿಸಿ ಜಂಬ ಕೊಚ್ಚಿದೆ. ಹಿಂದಿನ ಹೊರೆಗೆ ಮುಂದಿನ ಚಕ್ರಗಳು ನೆಲವನ್ನು ಸರಿಯಾಗಿ ಒತ್ತುತ್ತಲೇ ಇಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹೋದ ಜನವರಿಯ ಒಂದು ಬೆಳಿಗ್ಗೆ ಗೇಟು ಹಾಕಿತ್ತು. ಗೇಟಿಗೆ ಹೋಗುವ ಇಳಿಜಾರು ತಮಗೂ ಗೊತ್ತಿರುವುದೇ. ಸಾಲಿನ ಕೊನೆಗೆ ನಮ್ಮ ಓಣಿಯ ಸೊಹೇಲನ ಆಟೋ ನಿಂತಿತ್ತು, ಶಾಲೆಯ ಮಕ್ಕಳದು. ಹಿಂದಿನ ಹಲಗೆಯ ಮೇಲೆ ನಾಲ್ಕು ಮಕ್ಕಳು ಹಿಂದಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂತಿದ್ದವು. ನಾನು ಬ್ರೇಕು ಒತ್ತಿದೆ. ಗಾಡಿ ನಿಲ್ಲಲಿಲ್ಲ, ಹಿಂದಿನ ಕಲ್ಲು ದೂಡುತ್ತಲೇ ಇತ್ತು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ. ಚಕ್ರ ತಿರುಗಿತು, ಗಾಡಿ ನೆಟ್ಟಗೇ ಹೋಯಿತು. ಅಗಲದ ಟೈರು ಮಡ್‌ಗಾರ್ಡಿನ ಒಳಗೆ ಉಜ್ಜಿ ಸುಟ್ಟ ವಾಸನೆ ಬಂತು. ಗುರುದೇವಿ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದು, "ಹಿಡೀರಿ, ಹಿಡೀರೀ!" ಎಂದು ಚೀರಿದಳು. ಅವಳ ಕಾಲಡಿ ಬ್ರೇಕಿಲ್ಲ, ರಬ್ಬರಿನ ಮ್ಯಾಟಿದೆ.

ಆ ಮಕ್ಕಳಿಗೆ ನನ್ನ ಗಾಡಿಯ ಗುರುತು ಚೆನ್ನಾಗಿತ್ತು. ನಡುವೆ ಕೂತಿದ್ದ ಅಸ್ಫಿಯಾ, ಎರಡನೇ ಇಯತ್ತೆಯ ಹುಡುಗಿ, ಎರಡೂ ಕೈ ಎತ್ತಿ ಬೀಸುತ್ತ "ಸಿದ್ಧು ಮಾಮಾ!" ಎಂದು ಕೂಗಿದಳು.

ಅಷ್ಟರಲ್ಲಿ ಎಡಗಡೆಯ ಟೈರು ಒಡೆಯಿತು. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆಯ ಪಕ್ಕದ ಕಲ್ಲುಪುಡಿಯ ಗುಡ್ಡೆಗೆ ಮೂತಿ ಹಾಕಿ ನಿಂತಿತು. ನನ್ನ ಬಂಪರಿಗೂ ಅಸ್ಫಿಯಾಳ ಮೊಣಕಾಲಿಗೂ ನಡುವೆ ಒಂದು ಫರಸಿ ಹಾಸುವಷ್ಟು ಜಾಗ ಉಳಿದಿತ್ತು. ಮಕ್ಕಳು ಚಪ್ಪಾಳೆ ತಟ್ಟಿದವು. ನಾನು ಬೇಕಂತಲೇ ಆಟ ತೋರಿಸಿದೆ ಅಂದುಕೊಂಡವು ಪಾಪ. ರೈಲು ಹೋಯಿತು, ಗೇಟು ತೆಗೆದರು, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಯಾರಿಗೂ ಏನೂ ಆಗಲಿಲ್ಲವಾದ್ದರಿಂದ ತಮ್ಮ ಯಾವ ಕಡತದಲ್ಲೂ ಅಂದಿನ ದಿನ ಇಲ್ಲ. ಯಾರಾದರೂ ಮಾಮಾ ಎಂದು ಕರೆದರೆ ನನ್ನ ಬಲಗಾಲು ಮಾತ್ರ ಇಂದಿಗೂ ಬ್ರೇಕು ಹುಡುಕುತ್ತದೆ.

ಒಡೆದ ಟೈರು ನೋಡಲು ಅಲ್ಲೇ ಚಕ್ರದ ಪಕ್ಕ ನೆಲಕ್ಕೆ ಕೂತೆ. ಕಣ್ಣೆದುರಿಗೇ ಟೈರಿನ ಮಗ್ಗಲು. ಇಷ್ಟು ಕಿಲೋಗಿಂತ ಹೆಚ್ಚು ಹೊರಿಸಬಾರದೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆಮೇಲೆ ಕಾಟಾದಲ್ಲಿ ತೂಗಿಸಿದರೆ ಹಿಂದಿನ ಒಂದೊಂದು ಟೈರಿನ ಮೇಲೂ ಅದರ ಹತ್ತಿರ ಹತ್ತಿರ ಎರಡರಷ್ಟು ಭಾರ ನಾನು ಹೊರಿಸಿದ್ದೆ. ಫಿಟ್‌ನೆಸ್ ಪತ್ರ, ಪರ್ಮಿಟ್, ಮೊಹರು, ಸಹಿ ಎಲ್ಲ ಇದ್ದ ಆ ಗಾಡಿಯಲ್ಲಿ ನಿಜ ಬರೆದಿದ್ದ ಜಾಗ ಅದೊಂದೇ. ಅದನ್ನು ಓದಲು ಕೆಳಗೆ ಕೂರಬೇಕು.

ಮರುದಿನವೇ ಎಲ್ಲ ಬಿಚ್ಚಿಸಿದೆ. ಕಂಪನಿಯ ಅಳತೆಯ ಪಾಟಾ, ಗಾಡಿಯ ಪುಸ್ತಕದಲ್ಲಿ ಹೇಳಿದ ಟೈರು, ಕಾಟಾದ ಚೀಟಿಯಷ್ಟೇ ಹೊರೆ. ಹೀಗೆ ತುಂಬಿದರೆ ಗಾಡಿ ಹಿಂದೆ ಸ್ವಲ್ಪ ಕೂರುತ್ತದೆ. ಕೂರಬೇಕು ಕೂಡ. ತಲೆಯ ಮೇಲೆ ಚೀಲ ಹೊತ್ತವನು ಸೆಟೆದು ನಡೆಯುವುದನ್ನು ತಾವೆಲ್ಲಾದರೂ ಕಂಡಿದ್ದೀರಾ? ಮಲ್ಲು ಈಗ ನನ್ನನ್ನು ಕಂಡರೆ ನಗುತ್ತಾನೆ. "ಎರಡು ಸಾಲಿಗೇ ಕುಂತದಲ್ರಿ! ಪಾಟಾ, ಬಿಲ್ಲಿ ಮತ್ತ ಹಾಕಸ್ರಿ ಅಣ್ಣಾರ" ಎನ್ನುತ್ತಾನೆ. ನಗಲಿ ಎಂದುಕೊಂಡೆ. ಆಗ ತಾವು ಬಂದಿರಿ.

ನಾನು ಚೀಟಿ ಹಿಡಿದು ತಮ್ಮ ಮುಂದೆ ನಿಂತಿದ್ದಾಗ ಕಲ್ಲು ತುಂಬಿದ ಹನ್ನೊಂದು ಪಿಕಪ್‌ಗಳು ನಮ್ಮನ್ನು ದಾಟಿ ಇಳಿಜಾರಿನ ಕಡೆಗೆ ಹೋದವು. ಎಲ್ಲವೂ ಗೆರೆ ಹೊಡೆದ ಹಾಗೆ ಮಟ್ಟ. ತಾವು ಒಂದೊಂದಕ್ಕೂ ಕೈ ಬೀಸಿ ಹೋಗಗೊಟ್ಟಿರಿ. ತುಂಬಿದ ಗಾಡಿ ಖಾಲಿ ಗಾಡಿಯ ಹಾಗೆ ಕಂಡರೆ ಅನುಮಾನ ಬರಬೇಕೋ ಸಮಾಧಾನ ಆಗಬೇಕೋ? ಅವುಗಳ ಕೆಳಗೆ ಎಷ್ಟು ಪಾಟಾ ಇದೆ, ಯಾವ ಬಿಲ್ಲೆ ಇದೆ, ಯಾವ ಟೈರಿದೆ, ಯಾರು ನೋಡಿದರು? ನಾನು ಚೀಟಿ ಮುಂದೆ ಹಿಡಿದೆ. "ಕುಂತದ ಅಂದ್ರ ಕುಂತದ, ಮಟ್ಟ ಮಾಡ್ಕೊಂಡ್ ಬಾ" ಎಂದಿರಿ. ಆಗ ನನಗೆ ಸಿಟ್ಟು ಬರಬೇಕಿತ್ತು. ನಾನು ಇಳಿಜಾರಿನ ಕಡೆಗೆ ತಿರುಗಿ ನೋಡುತ್ತ ನಿಂತೆ. ಏಕೆಂದರೆ ಆ ಹನ್ನೊಂದರ ಮುಂದೆ, ಗೇಟಿನಲ್ಲಿ, ಸೊಹೇಲನ ಆಟೋ ನಿಂತಿರುವ ಹೊತ್ತು ಅದು.

ನಿಜ ಹೇಳುತ್ತೇನೆ, ನನಗೆ ಈಗ ನನ್ನದೇ ಭಯ. ಆ ಹೆಚ್ಚಿನ ಪಾಟಾ, ಬಿಲ್ಲೆಗಳನ್ನು ನಾನು ಎಸೆದಿಲ್ಲ. ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ಗಾಡಿ ಜಪ್ತಿಯಾದರೆ ನನ್ನ ಕೆಲಸ ನಿಲ್ಲುತ್ತದೆ, ಅವನ್ನು ಹಾಕಿಸಿದರೆ ತಮ್ಮ ಸಹಿ ಸಿಗುತ್ತದೆ. ನೋಟಿಸು ಬಂದ ದಿನ ಗುರುದೇವಿಗೆ ಹೇಳಿದೆ, ಈ ಸಲ ಅವನ್ನು ಹಾಕಿಸಿದರೂ ಹೊರೆ ಹೆಚ್ಚಿಸುವುದಿಲ್ಲ ಅಂತ.

"ಮಲ್ಲು ಕೇಳಿದ್ರ ಬ್ಯಾಡ ಅಂತೀರಿ?" ಎಂದಳು. ಮಂಚದ ಕೆಳಗೆ ಬೆರಳು ತೋರಿಸಿದಳು. "ಅವು ಮತ್ತ ಗಾಡಿಗಿ ಹತ್ತಿದ್ರ ನಾ ನಿಮ್ ಜೋಡಿ ಬರಂಗಿಲ್ಲ. ಸೊಹೇಲನ ಆಟೋದಾಗ ಹೋಗ್ತೀನಿ."

ಆಯಿತು ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಹೊಳೆಯಿತು. ಆ ಆಟೋ ಗೇಟಿನಲ್ಲಿ ನಿಲ್ಲುವುದು ನನ್ನ ಮುಂದೆಯೇ.

ಆದ್ದರಿಂದ ಮಾನ್ಯರೇ, ಈ ನೋಟಿಸನ್ನು ಹಿಂತೆಗೆದುಕೊಳ್ಳಿ. ಈ ದಾರಿಯ ಪ್ರತಿಯೊಂದು ಕಲ್ಲಿನ ಗಾಡಿಯನ್ನೂ ಕಾಟಾಕ್ಕೆ ಹತ್ತಿಸಿ. ಪ್ರತಿಯೊಂದರ ಪಕ್ಕ ನೆಲಕ್ಕೆ ಕೂತು ಟೈರಿನ ಮಗ್ಗಲನ್ನು ಓದಿ, ಪ್ಯಾಂಟು ಒಗೆದರೆ ಹೋಗುತ್ತದೆ. ಇದಕ್ಕೆ ಸರ್ಕಾರದ ಆದೇಶ ಬೇಕು, ಸಿಬ್ಬಂದಿ ಬೇಕು ಎನ್ನುವಿರಾದರೆ ಏನೂ ಬೇಡದ ಒಂದು ಕೆಲಸ ಹೇಳುತ್ತೇನೆ. ಸೋಮವಾರ ನನ್ನ ಗಾಡಿ ನೋಡುವ ಮೊದಲು ಸೊಹೇಲನ ಆಟೋದ ಹಿಂದಿನ ಹಲಗೆಯ ಮೇಲೆ, ಅಸ್ಫಿಯಾಳ ಪಕ್ಕ, ಹಿಂದಕ್ಕೆ ಮುಖ ಮಾಡಿ ಕೂತು ಗೇಟಿನವರೆಗೆ ಬನ್ನಿ. ಇಳಿಜಾರಿನಲ್ಲಿ ಮಟ್ಟವಾದ ಗಾಡಿಗಳು ತಮ್ಮ ಮೊಣಕಾಲಿನ ಕಡೆಗೆ ಇಳಿದು ಬರುವುದನ್ನು ನೋಡಿ. ಕೈ ಬೀಸುವುದು ತಮಗೆ ಹೇಗೂ ರೂಢಿಯಿದೆ.

ಇದನ್ನು ಓದಿ ಏನಾದರೂ ಹೇಳುವುದಿದ್ದರೆ ಭಾನುವಾರದೊಳಗೆ ಹೇಳಿಬಿಡಿ. ಸರ್ದಾರ ಭಾಯಿಯ ಗ್ಯಾರೇಜು ಭಾನುವಾರವೂ ತೆಗೆದಿರುತ್ತದೆ.

ಇಂತಿ,
ಸದ್ಯಕ್ಕೆ ಹಿಂದೆ ಕುಂತಿರುವ ಗಾಡಿಯ ಮಾಲೀಕ,
ಅಸ್ಫಿಯಾಳ ಸಿದ್ಧು ಮಾಮಾ,
ರಾವೂರ